ಬಾತುಕೋಳಿ ಕಾವಿಗೆ ಕೂತಾಗ: ಹಿತ್ತಲಿನ ಹಿಂಡು ಕೈಮೀರದಂತೆ ನೋಡಿಕೊಳ್ಳುವ ಕ್ರಮ

ಬಾತುಕೋಳಿ ಸಾಕಿದವರು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಎಡವುತ್ತಿದ್ದಾರೆ. ಮೊದಲ ವರ್ಷ ಒಂದು ಗಂಡು, ಎರಡು ಹೆಣ್ಣು ತರುತ್ತಾರೆ. ಹೆಣ್ಣು ಕಾವಿಗೆ ಕೂತರೆ "ಇರ್ಲಿ ಬಿಡ್ರೀ, ಕುಂತೈತಿ, ಮರಿ ಮಾಡ್ಲಿ" ಎಂದು ಸುಮ್ಮನಾಗುತ್ತಾರೆ. ಮರುವರ್ಷ ಮೂವತ್ತು ಬಾತುಗಳು ಹಿತ್ತಲನ್ನು ಕೆಸರು ಮಾಡಿ, ನೆರೆಮನೆಯವರ ಮೆಂತ್ಯೆ ಮಡಿಯನ್ನು ಮೇಯ್ದು ಬಂದಾಗ ಏನು ಮಾಡಬೇಕೆಂದು ಕೇಳುತ್ತಾರೆ. ಆ ಹೊತ್ತಿಗೆ ಉಳಿಯುವ ದಾರಿಗಳು ಎರಡೇ, ಮಾರುವುದು ಅಥವಾ ಕೊಯ್ಯುವುದು. ಹಿಂಡಿನ ಗಾತ್ರ ತೀರ್ಮಾನವಾಗುವುದು ಮರಿ ಓಡಾಡುವಾಗಲ್ಲ, ಗೂಡಿನಲ್ಲಿ ತತ್ತಿ ಬಿದ್ದ ಮೊದಲ ಕೆಲವು ದಿನಗಳಲ್ಲಿ. ಕೆಲಸಗಳ ಅನುಕ್ರಮ ತಪ್ಪುವುದರಿಂದಲೇ ಹೆಚ್ಚಿನವರು ಸೋಲುತ್ತಾರೆ. ಆದ್ದರಿಂದ ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲಿಯೇ ಪಾಲಿಸಬೇಕೆಂದು ಕೋರುತ್ತೇನೆ.

ಇಲ್ಲಿ ಹೇಳಿರುವುದು ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಬಿಸಿಲು ಮತ್ತು ಮಳೆಗೆ ಹೊಂದುವ ಕ್ರಮ. ಮಲೆನಾಡಿನವರಿಗೂ ಕರಾವಳಿಯವರಿಗೂ ತಿಂಗಳುಗಳ ಲೆಕ್ಕ ಬೇರೆಯಾಗುತ್ತದೆ.

ಮೊದಲು ಸಿದ್ಧ ಮಾಡಿಕೊಳ್ಳಬೇಕಾದ ವಸ್ತುಗಳು

ಬಾತು ಕಾವಿಗೆ ಕೂತ ಮೇಲೆ ಪಂಜರ ಹುಡುಕಲು ಹೊರಟರೆ ನಾಲ್ಕು ದಿನ ವ್ಯರ್ಥವಾಗುತ್ತವೆ. ಆ ನಾಲ್ಕು ದಿನಗಳಲ್ಲಿ ಅದರ ಹಟ ಗಟ್ಟಿಯಾಗುತ್ತದೆ. ಆದ್ದರಿಂದ ಮೂರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಒಂದು ಜಾಲರಿ ಪಂಜರವನ್ನು ಮೊದಲೇ ಇಟ್ಟುಕೊಳ್ಳಿ. ಅದರ ತಳವೂ ಜಾಲರಿಯದೇ ಆಗಿರಬೇಕು ಮತ್ತು ಕಣ್ಣುಗಳು ಒಂದು ಅಂಗುಲಕ್ಕಿಂತ ದೊಡ್ಡದಿರಬಾರದು, ಇಲ್ಲವಾದರೆ ಕಾಲು ಸಿಕ್ಕಿಕೊಳ್ಳುತ್ತದೆ. ಚಿಕನ್ ಅಂಗಡಿಯವರು ಬಿಟ್ಟ ಹಳೆಯ ಪಂಜರ ಕಡಿಮೆ ಬೆಲೆಗೆ ಸಿಗುತ್ತದೆ, ಆದರೆ ಅದರ ಜೊತೆಗೆ ರೋಗವೂ ಮನೆಗೆ ಬರಬಹುದು. ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಉಜ್ಜಿ ತೊಳೆದು ಎರಡು ದಿನ ಬಿರುಬಿಸಿಲಿನಲ್ಲಿ ಒಣಗಿಸದೆ ಬಳಸಬಾರದು.

ಇದರ ಜೊತೆಗೆ ನಾಲ್ಕು ಇಟ್ಟಿಗೆ, ತಲೆ ಪೂರ್ತಿ ಮುಳುಗುವಷ್ಟು ಆಳದ ಒಂದು ಬಕೆಟ್, ಪೆನ್ಸಿಲ್, ಗೋಡೆಯ ಕ್ಯಾಲೆಂಡರ್, ಟಾರ್ಚ್ ಇರುವ ಮೊಬೈಲ್, ತತ್ತಿಗಿಂತ ಸಣ್ಣ ತೂತು ಕೊರೆದ ದಪ್ಪ ರಟ್ಟು, ಕಟ್ಟಿಗೆಯಲ್ಲಿ ಕಡೆದ ಅಥವಾ ಪ್ಲಾಸ್ಟರಿನಲ್ಲಿ ಎರಕ ಹೊಯ್ದ ಎರಡು ಹುಸಿ ತತ್ತಿಗಳು ಬೇಕು. ತತ್ತಿಯ ಮೇಲೆ ಸ್ಕೆಚ್ ಪೆನ್ನಿನಿಂದ ಬರೆಯಬೇಡಿ. ಚಿಪ್ಪಿನಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ಶಾಯಿ ಒಳಗಿಳಿಯುತ್ತದೆ.

ಹಂತ 1: ಎಷ್ಟು ಬಾತು ಎಂಬುದನ್ನು ಬರೆದಿಡಿ

ರಾತ್ರಿ ಮುಚ್ಚುವ ಮನೆಯಲ್ಲಿ ಒಂದು ದೊಡ್ಡ ಬಾತಿಗೆ ಸುಮಾರು 4 ಚದರ ಅಡಿ ಜಾಗ ಬೇಕು. ಎಂಟು ಅಡಿಗೆ ಆರು ಅಡಿಯ ಶೆಡ್ ಇದ್ದರೆ 48 ಚದರ ಅಡಿ, ಅಂದರೆ 12 ಬಾತು. ಅದಕ್ಕಿಂತ ಒಂದೂ ಹೆಚ್ಚಲ್ಲ. ಈಗ ಮೇವಿನ ಲೆಕ್ಕ ಹಾಕಿ. ಹೊರಗೆ ಮೇಯಲು ಹೆಚ್ಚು ಸಿಗದ ಹಿತ್ತಲಿನಲ್ಲಿ ತತ್ತಿ ಇಡುವ ಒಂದು ಬಾತು ದಿನಕ್ಕೆ ಸುಮಾರು 160 ಗ್ರಾಂ ತಿನ್ನುತ್ತದೆಂದು ಹಿಡಿದರೆ, 12 ಬಾತುಗಳಿಗೆ ದಿನಕ್ಕೆ ಎರಡು ಕಿಲೋ, ತಿಂಗಳಿಗೆ 60 ಕಿಲೋ ಹತ್ತಿರ ಬೇಕಾಗುತ್ತದೆ. ಜಾಗದ ಲೆಕ್ಕ ಮತ್ತು ಮೇವಿನ ಲೆಕ್ಕ ಎರಡರಲ್ಲಿ ಯಾವುದು ಕಡಿಮೆ ಸಂಖ್ಯೆ ಕೊಡುತ್ತದೆಯೋ ಅದೇ ನಿಮ್ಮ ಗರಿಷ್ಠ ಮಿತಿ.

ಆ ಸಂಖ್ಯೆಯನ್ನು ಶೆಡ್ಡಿನ ಬಾಗಿಲ ಮೇಲೆ ಸುಣ್ಣದಲ್ಲಿ ಬರೆಯಿರಿ. ನಗೆಯ ಮಾತಲ್ಲ, ಮರಿಗಳನ್ನು ಕಂಡು ಮನಸ್ಸು ಕರಗಿದ ದಿನ ಮನೆಯವರೆಲ್ಲರಿಗೂ ಕಾಣುವಂತೆ ಒಂದು ಸಂಖ್ಯೆ ಇರಬೇಕು. ಎರಡು ಹೆಣ್ಣುಗಳು ವರ್ಷಕ್ಕೆ ಮೂರು ಸಲ ಕೂತು, ಪ್ರತಿ ಸಲ ಎಂಟು ಮರಿ ಉಳಿದರೂ 48 ಆಗುತ್ತವೆ. ಮಸ್ಕೋವಿ ತಳಿಯಲ್ಲಿ (ಮುಖದ ಮೇಲೆ ಕೆಂಪು ಗಂಟುಗಂಟಾದ ಚರ್ಮವಿರುವ, ಕೂಗದ ಬಾತು) ಇದು ಅತಿಶಯೋಕ್ತಿಯೇನಲ್ಲ.

ತತ್ತಿ ಮಾತ್ರ ಬೇಕು, ಮರಿ ಬೇಡ ಎನ್ನುವವರಿಗೆ ಸುಲಭದ ದಾರಿ ಗಂಡನ್ನೇ ಇಡದಿರುವುದು. ಗಂಡಿಲ್ಲದೆಯೂ ಹೆಣ್ಣು ತತ್ತಿ ಇಡುತ್ತದೆ, ಅದರಲ್ಲಿ ಮರಿ ಆಗುವುದಿಲ್ಲ ಅಷ್ಟೆ. ಆದರೆ ಗಂಡನ್ನು ತೆಗೆದ ಮೇಲೂ ಸುಮಾರು ಎರಡು ವಾರ ಇಟ್ಟ ತತ್ತಿಗಳಲ್ಲಿ ಮರಿ ಆಗಬಹುದು ಎಂಬುದನ್ನು ನೆನಪಿಡಿ. ಗಂಡಿಲ್ಲದ ಹೆಣ್ಣು ಕಾವಿಗೆ ಕೂಡುವುದಿಲ್ಲ ಎಂಬ ನಂಬಿಕೆ ಮಾತ್ರ ಸುಳ್ಳು; ಅದು ಹುಸಿ ತತ್ತಿಯ ಮೇಲೂ ತಿಂಗಳುಗಟ್ಟಲೆ ಕೂತು ಸೊರಗುತ್ತದೆ.

ಹಂತ 2: ಪ್ರತಿದಿನ ಬೆಳಿಗ್ಗೆ ತತ್ತಿ ಎತ್ತುವ ಕ್ರಮ

ಸಾಮಾನ್ಯ ಬಾತುಗಳು ಹೆಚ್ಚಾಗಿ ನಸುಕಿನಲ್ಲಿ ತತ್ತಿ ಇಡುತ್ತವೆ. ಆದ್ದರಿಂದ ಬೆಳಿಗ್ಗೆ 9 ಗಂಟೆಯವರೆಗೆ ಶೆಡ್ಡಿನ ಬಾಗಿಲು ತೆರೆಯಬೇಡಿ. ಆರು ಗಂಟೆಗೇ ಬಿಟ್ಟರೆ ಅವು ಬೇಲಿಯ ಬುಡದಲ್ಲಿ, ಕಣಿಕೆಯ ಬಣವೆಯ ಕೆಳಗೆ, ಪಕ್ಕದ ಕಬ್ಬಿನ ಹೊಲದಲ್ಲಿ ಇಟ್ಟು ಬರುತ್ತವೆ. ಮುಧೋಳ, ಜಮಖಂಡಿ ಕಡೆಯ ಕಬ್ಬಿನ ಊರುಗಳಲ್ಲಿ ಹಿಂಡು ಬೆಳೆಯಲು ಮುಖ್ಯ ಕಾರಣವೇ ಇದು. ಹೆಣ್ಣೊಂದು ಕಾಣೆಯಾಯಿತು, ನಾಯಿ ಹಿಡಿಯಿತೇನೋ ಎಂದು ಮನೆಯವರು ಮರೆತಿರುತ್ತಾರೆ. ಐದು ವಾರದ ನಂತರ ಅದು ಕಬ್ಬಿನ ಸಾಲಿನಿಂದ ಹನ್ನೆರಡು ಮರಿಗಳನ್ನು ಕರೆದುಕೊಂಡು ಹೊರಬರುತ್ತದೆ.

ತತ್ತಿ ಎತ್ತುವಾಗ ಗೂಡಿನಲ್ಲಿ ಒಂದು ಹುಸಿ ತತ್ತಿ ಬಿಡಿ. ಗೂಡು ಪೂರ್ತಿ ಬರಿದಾದರೆ ಬಾತು ಆ ಜಾಗವನ್ನು ನಂಬುವುದಿಲ್ಲ ಮತ್ತು ಕದ್ದು ಬೇರೆಡೆ ಇಡಲು ಶುರುಮಾಡುತ್ತದೆ. ಹತ್ತು ಹನ್ನೆರಡು ಕೂಡಿದರೆ ಕಾವಿನ ಆಸೆ ಹುಟ್ಟುತ್ತದೆ. ಒಂದೇ ಇದ್ದರೆ ಇಡುವುದನ್ನು ಮುಂದುವರಿಸುತ್ತದೆ. ಎತ್ತಿದ ತತ್ತಿಯನ್ನು ಆ ದಿನವೇ ಫ್ರಿಜ್‌ನಲ್ಲಿಡಿ ಅಥವಾ ಬಳಸಿ. ಬೇಸಿಗೆಯಲ್ಲಿ ಇದನ್ನು ಇನ್ನೂ ಕಟ್ಟುನಿಟ್ಟಾಗಿ ಪಾಲಿಸಬೇಕು, ಏಕೆಂದರೆ ನಮ್ಮಲ್ಲಿ ಮಾರ್ಚ್ ದಾಟಿದ ಮೇಲೆ ಮೂಲೆಯಲ್ಲಿ ಬಿಟ್ಟ ತತ್ತಿಯೊಳಗೆ ಕಾವಿಲ್ಲದೆಯೇ ಪಿಂಡ ಅರೆಬರೆ ಬೆಳೆದು ಸಾಯುತ್ತದೆ. ಒಡೆದಾಗ ರಕ್ತದ ಎಳೆ ಕಂಡು ಮನೆಯವರು ಬಾತಿನ ತತ್ತಿಯನ್ನೇ ಬಿಟ್ಟುಬಿಡುವುದನ್ನು ಕಂಡಿದ್ದೇನೆ.

ಹೊರಗಿನ ಕಳ್ಳಗೂಡನ್ನು ಹುಡುಕಲು ಗಿಡಗಂಟಿ ತಡಕಾಡುವುದು ಅಪಾಯ, ಹಾವಿನ ಭಯವಿದೆ. ಕೂತ ಬಾತು ದಿನಕ್ಕೊಮ್ಮೆ ನೀರಿಗೆ ಮತ್ತು ಕಾಳಿಗೆ ಬಂದೇ ಬರುತ್ತದೆ. ಅವಸರದಿಂದ ತಿಂದು, ಮೈ ನೆನೆಸಿಕೊಂಡು ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಮರಳುತ್ತದೆ. ದೂರದಿಂದ ಹಿಂಬಾಲಿಸಿ. ಮನುಷ್ಯರು ಬೆನ್ನ ಹಿಂದೆ ಇದ್ದಾರೆಂದು ಗೊತ್ತಾದರೆ ಅದು ಬೇಕಂತಲೇ ಬೇರೆ ದಾರಿ ಹಿಡಿಯುತ್ತದೆ, ಆಗ ನೀವೇ ನಿಂತುಬಿಡಬೇಕು.

ಹಂತ 3: ಕಾವಿನ ಗುರುತುಗಳನ್ನು ಓದುವುದು

ತತ್ತಿ ಇಡಲು ಕೂತದ್ದಕ್ಕೂ ಕಾವಿಗೆ ಕೂತದ್ದಕ್ಕೂ ವ್ಯತ್ಯಾಸ ತಿಳಿಯದೆ ಗಾಬರಿಯಾಗುವವರು ಬಹಳ. ಇಡಲು ಕೂತದ್ದು ಒಂದೆರಡು ಗಂಟೆಯಲ್ಲಿ ಏಳುತ್ತದೆ. ಕಾವಿಗೆ ಕೂತದ್ದು (ಗಡಿಯ ಮರಾಠಿ ಮಾತಿನಲ್ಲಿ 'ಖುಡೂಕ') ಸಂಜೆಯೂ ಅಲ್ಲಿಯೇ, ರಾತ್ರಿಯೂ ಅಲ್ಲಿಯೇ ಇರುತ್ತದೆ. ಕೈ ಹತ್ತಿರ ತಂದರೆ ಮೈಯನ್ನು ಚಪ್ಪಟೆ ಮಾಡಿ, ಗರಿ ಬಿಚ್ಚಿ ಬುಸುಗುಡುತ್ತದೆ. ತನ್ನ ಎದೆಯ ಮೆತ್ತನೆಯ ಪುಕ್ಕಗಳನ್ನು ಕೊಕ್ಕಿನಿಂದ ಕಿತ್ತು ಗೂಡಿಗೆ ಹಾಸುತ್ತದೆ. ದಿನಕ್ಕೊಮ್ಮೆ ಎದ್ದಾಗ ಹಾಕುವ ಹಿಕ್ಕೆ ಬಹಳ ದೊಡ್ಡದಾಗಿಯೂ ವಿಪರೀತ ನಾತವುಳ್ಳದ್ದಾಗಿಯೂ ಇರುತ್ತದೆ. ಅದು ರೋಗವಲ್ಲ, ದಿನವಿಡೀ ಹಿಡಿದಿಟ್ಟುಕೊಂಡದ್ದರ ಫಲ.

ರಾತ್ರಿ ಕೂತಿರುವುದು ಮತ್ತು ಪುಕ್ಕ ಕಿತ್ತಿರುವುದು ಎರಡೂ ಕಂಡರೆ ಮೂರನೆಯ ಗುರುತಿಗಾಗಿ ಕಾಯಬೇಡಿ. ಕಾವಿಗೆ ಕಾರಣವಾದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಗೂಡಿನ ಸ್ಪರ್ಶದಿಂದಲೇ ಏರುತ್ತ ಹೋಗುತ್ತದೆ. ಕೂತಷ್ಟೂ ಕೂಡುವ ಬಯಕೆ ಹೆಚ್ಚುತ್ತದೆ. ಎರಡನೆಯ ದಿನವೇ ಕೈಹಾಕಿದರೆ ಮೂರು ದಿನಗಳಲ್ಲಿ ಬಿಡಿಸಬಹುದಾದ ಕಾವು, ಎರಡನೆಯ ವಾರದಲ್ಲಿ ಕೈಹಾಕಿದರೆ ವಾರಗಟ್ಟಲೆ ಹಿಡಿಯುತ್ತದೆ.

ಇಲ್ಲೊಂದು ಎಚ್ಚರಿಕೆ. ಬಾತು ಗೂಡಿನಲ್ಲಿ ಕೂತಿದೆ, ಆದರೆ ಬುಸುಗುಡುವುದಿಲ್ಲ, ಬಾಲ ಮೇಲೆ ಕೆಳಗೆ ಆಡಿಸುತ್ತ ತಿಣುಕುತ್ತದೆ, ಹಿಂಭಾಗ ಊದಿದೆ ಎಂದರೆ ಅದು ಕಾವಲ್ಲ. ತತ್ತಿ ಒಳಗೆ ಸಿಕ್ಕಿರುವ ಲಕ್ಷಣ. ಆ ದಿನವೇ ಪಶುವೈದ್ಯರ ಬಳಿ ಒಯ್ಯಬೇಕು.

ಹಂತ 4: ಅದೇ ದಿನ ತೀರ್ಮಾನ

ಬಾಗಿಲ ಮೇಲಿನ ಸಂಖ್ಯೆ ನೋಡಿ, ಹಿಂಡನ್ನು ಎಣಿಸಿ. ಜಾಗ ಖಾಲಿ ಇಲ್ಲದಿದ್ದರೆ ಹಂತ 5ಕ್ಕೆ ಹೋಗಿ. ಜಾಗವಿದ್ದು, ಬಾತು ಗಟ್ಟಿಮುಟ್ಟಾಗಿದ್ದು, ತಿಂಗಳೂ ಸರಿಯಾಗಿದ್ದರೆ ಮಾತ್ರ ಹಂತ 6.

ತಿಂಗಳ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ತತ್ತಿಯೊಳಗಿನ ಪಿಂಡಕ್ಕೆ ಬೇಕಾದ ಶಾಖ ಸುಮಾರು 37.5 ಡಿಗ್ರಿ ಸೆಲ್ಸಿಯಸ್. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬಾಗಲಕೋಟೆ, ವಿಜಯಪುರಗಳಲ್ಲಿ ಹೊರಗಿನ ಬಿಸಿಯೇ 40 ದಾಟುವಾಗ, ಪತ್ರಾ ಹೊದಿಸಿದ ಶೆಡ್ಡಿನೊಳಗೆ ಅದಕ್ಕಿಂತ ಹೆಚ್ಚಿರುತ್ತದೆ. ಅಲ್ಲಿ ತತ್ತಿ ಬೇಯುತ್ತದೆ, ಕೂತ ತಾಯಿಯೂ ಬಾಯಿ ತೆರೆದು ಏದುತ್ತ ಸಾಯಬಹುದು. ಮಾರ್ಚ್ ಮಧ್ಯದಿಂದ ಮೃಗಶಿರ ಮಳೆ ಬೀಳುವವರೆಗೆ ಯಾವ ಬಾತನ್ನೂ ಕೂರಿಸಬೇಡಿ.

ತೀರ್ಮಾನ ಮುಂದೂಡಿದವರ ಗತಿ ಏನಾಗುತ್ತದೆ ಎಂದರೆ, ಹತ್ತು ದಿನ ಕಳೆದ ಮೇಲೆ ತತ್ತಿ ಕಸಿದುಕೊಳ್ಳಲು ಮನಸ್ಸು ಬರುವುದಿಲ್ಲ. ಅದು ಸಹಜವೇ. ನನ್ನ ಅಭಿಪ್ರಾಯದಲ್ಲಿ ತತ್ತಿ ತೆಗೆಯುವ ಗಡುವು ಕೂತ ಮೊದಲ ಮೂರು ದಿನಗಳು. ಹಾಗೆ ತೆಗೆದ ತತ್ತಿಯನ್ನು ಒಂದು ದಿನ ಫ್ರಿಜ್‌ನಲ್ಲಿಟ್ಟು ಬೆಳವಣಿಗೆ ನಿಂತ ಮೇಲೆ ಆಳವಾದ ಗುಂಡಿಯಲ್ಲಿ ಹೂಳಿ. ಬಯಲಿಗೆ ಎಸೆದರೆ ಮುಂಗುಸಿ ಮತ್ತು ನಾಯಿಗಳಿಗೆ ರುಚಿ ಹತ್ತುತ್ತದೆ. ಎರಡು ವಾರ ದಾಟಿದ ತತ್ತಿಗಳನ್ನು ಮುಟ್ಟದೆ, ಮರಿಗಳಿಗೆ ಮನೆ ಹುಡುಕುವ ಕೆಲಸವನ್ನು ಈಗಲೇ ಶುರು ಮಾಡಿ.

ಹಂತ 5: ಕಾವು ಬಿಡಿಸುವುದು

ಸಂಜೆ ಕತ್ತಲಾದ ಮೇಲೆ ಕೆಲಸ ಆರಂಭಿಸಿ. ಎರಡೂ ರೆಕ್ಕೆಗಳನ್ನು ಮೈಗೆ ಒತ್ತಿ ಹಿಡಿದು, ಹೊಟ್ಟೆಯ ಕೆಳಗೆ ಕೈಯಿಟ್ಟು ಎತ್ತಿ. ಕುತ್ತಿಗೆ ಅಥವಾ ಕಾಲು ಹಿಡಿದು ಎತ್ತಬಾರದು. ಬಾತಿನ ಕಾಲು ಕೋಳಿಯ ಕಾಲಿನಷ್ಟು ಗಟ್ಟಿಯಲ್ಲ. ಎತ್ತುವಾಗ ರೆಕ್ಕೆಯ ಸಂದಿಯಲ್ಲಿ ತತ್ತಿ ಸಿಕ್ಕಿರುವುದುಂಟು, ನೋಡಿಕೊಳ್ಳಿ.

ನಂತರ ಗೂಡನ್ನೇ ನಾಶ ಮಾಡಬೇಕು. ಹೆಚ್ಚಿನವರ ಸೋಲು ಇಲ್ಲಿದೆ: ತತ್ತಿ ತೆಗೆದು ಗೂಡನ್ನು ಹಾಗೆಯೇ ಬಿಡುತ್ತಾರೆ. ಕಾವು ಹತ್ತಿದ ಬಾತಿಗೆ ತತ್ತಿಯೇ ಬೇಕೆಂದಿಲ್ಲ, ಮೆತ್ತನೆಯ ಗುಳಿ ಮತ್ತು ಕತ್ತಲೆ ಸಾಕು. ನಮ್ಮ ಮನೆಯ ಒಂದು ಬಾತು ತೆರವಾದ ಗೂಡಿಗೆ ಉರುಳಿಬಂದ ಎರಡು ಉಳ್ಳಾಗಡ್ಡಿಗಳ ಮೇಲೆ ಒಂಬತ್ತು ದಿನ ನಿಷ್ಠೆಯಿಂದ ಕೂತಿತ್ತು. ಹಾಸನ್ನೆಲ್ಲ ಬಾಚಿ ತೆಗೆದು, ಪುಕ್ಕಗಳನ್ನು ಆರಿಸಿ, ಆ ಮೂಲೆಯಲ್ಲಿ ಕಲ್ಲು ಅಥವಾ ಖಾಲಿ ಬಕೆಟ್ ಇಟ್ಟು ಮುಚ್ಚಿ. ಹಂತ 2ರಲ್ಲಿ ಉಪಕಾರ ಮಾಡಿದ ಹುಸಿ ತತ್ತಿ ಇಲ್ಲಿ ಶತ್ರು, ಅದನ್ನೂ ತೆಗೆಯಿರಿ.

ಪಂಜರವನ್ನು ಇಟ್ಟಿಗೆಗಳ ಮೇಲೆ ನೆಲದಿಂದ ಎತ್ತರಿಸಿ ಇಡಿ. ತಳದಲ್ಲಿ ಹುಲ್ಲು, ಗೋಣಿತಟ್ಟು ಏನೂ ಹಾಸಬಾರದು. ಕಾವಿನ ಬಾತಿನ ಹೊಟ್ಟೆಯ ಚರ್ಮ ಬಿಸಿಯಾಗಿರುತ್ತದೆ. ಕೆಳಗಿನಿಂದ ಗಾಳಿ ಆಡಿ ಅದು ತಂಪಾಗುತ್ತಲೇ ದೇಹ ಕಾವಿನಿಂದ ಹೊರಬರತೊಡಗುತ್ತದೆ. ಪಂಜರ ನೆರಳಿನಲ್ಲಿರಬೇಕು, ಆದರೆ ಕತ್ತಲೆಯಲ್ಲಿರಬಾರದು. ಉಳಿದ ಬಾತುಗಳು ಅದಕ್ಕೆ ಕಾಣುವಂತಿರಬೇಕು. ಕಾಳು ಮತ್ತು ನೀರು ಸದಾ ಇರಬೇಕು. ಹಸಿವೆಯಿಂದ ಕೆಡವಿದರೆ ಕಾವು ಇಳಿಯುತ್ತದೆ ಎಂದು ಹೇಳುವವರಿದ್ದಾರೆ. ಕಾವಿನಲ್ಲಿ ಮೊದಲೇ ಮೈ ಇಳಿದಿರುವ ಬಾತು ಇದರಿಂದ ಸಾಯುವ ಸಾಧ್ಯತೆಯೇ ಹೆಚ್ಚು. ನೀರಿಲ್ಲದೆ ಒಣ ಕಾಳು ಕೊಡುವುದೂ ತಪ್ಪು, ಬಾತಿಗೆ ಅದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಎಷ್ಟು ದಿನ ಇಡಬೇಕು? ಸಾಮಾನ್ಯ ಬಾತಿಗೆ ಮೂರು ದಿನ ಸಾಕಾಗುತ್ತದೆ, ಮಸ್ಕೋವಿಗೆ ಐದಾರು ದಿನ ಬೇಕಾಗಬಹುದು. ರಾತ್ರಿ ನಾಯಿ, ಬೆಕ್ಕುಗಳಿಂದ ರಕ್ಷಣೆಗೆ ಪಂಜರವನ್ನು ಶೆಡ್ಡಿನೊಳಗೆ ತನ್ನಿ, ಆದರೆ ಬಾತನ್ನು ಹೊರಗೆ ಬಿಡಬೇಡಿ. ನಾಲ್ಕನೆಯ ದಿನ ಬೆಳಿಗ್ಗೆ ಬಾಗಿಲು ತೆರೆದು ಅರ್ಧ ಗಂಟೆ ಸುಮ್ಮನೆ ನೋಡಿ. ನೇರವಾಗಿ ನೀರಿಗಿಳಿದು, ರೆಕ್ಕೆ ಬಡಿದು, ಹಿಂಡಿನ ಜೊತೆ ಕೆಸರು ಕೆದಕತೊಡಗಿದರೆ ಕಾವು ಇಳಿದಿದೆ. ಎರಡು ಗುಟುಕು ನೀರು ಕುಡಿದು ಹಳೆಯ ಮೂಲೆಯ ಕಡೆಗೆ ಓಡಿದರೆ ಅದೇ ಕೈಯಲ್ಲಿ ಹಿಡಿದು ಇನ್ನೂ ಎರಡು ದಿನ ಒಳಗಿಡಿ. "ಪಾಪ" ಎಂದು ಈ ಹಂತದಲ್ಲಿ ಬಿಟ್ಟವರು ಮೊದಲ ದಿನದಿಂದ ಮತ್ತೆ ಶುರು ಮಾಡಬೇಕಾಗುತ್ತದೆ, ಬಾತಿಗೂ ಅದು ಎರಡು ಪಟ್ಟು ಹಿಂಸೆ.

ಕಾವು ಇಳಿದ ಬಾತು ಮತ್ತೆ ತತ್ತಿ ಇಡಲು ಎರಡು ಮೂರು ವಾರ ಬೇಕಾಗುವುದು ಸಾಮಾನ್ಯ. ಎದೆಯೆಲುಬನ್ನು ಬೆರಳಿನಿಂದ ಮುಟ್ಟಿ ನೋಡಿ. ಕತ್ತಿಯಂತೆ ಚೂಪಾಗಿ ಸಿಕ್ಕಿದರೆ ಮೈ ಬಹಳ ಇಳಿದಿದೆ ಎಂದರ್ಥ, ನೆನೆಸಿದ ಗೋಧಿ ಅಥವಾ ಜೋಳ ಕೊಟ್ಟು ಚೇತರಿಸಿಕೊಳ್ಳಲು ಬಿಡಿ.

ಮಾಡಬಾರದ್ದೂ ಕೆಲವಿವೆ. ಮೂಗಿನ ಹೊಳ್ಳೆಯಲ್ಲಿ ಗರಿ ತೂರಿಸುವ ಹಳೆಯ ಪದ್ಧತಿ ಉಸಿರಾಟಕ್ಕೆ ತೊಂದರೆ ಮಾಡುತ್ತದೆ, ಸೋಂಕು ತರುತ್ತದೆ. ಕಾಲು ಕಟ್ಟಿ ಬಿಸಿಲಿನಲ್ಲಿ ಬಿಡುವುದು ಕ್ರೌರ್ಯ. ಇವುಗಳಿಂದ ಕಾವು ಇಳಿದಂತೆ ಕಂಡರೂ ಅದು ನೋವಿನ ಪರಿಣಾಮ. ಇನ್ನು ಕೋಳಿಯನ್ನು ತಣ್ಣೀರಿನಲ್ಲಿ ಅದ್ದುವ ಉಪಾಯವನ್ನು ಬಾತಿಗೆ ಮಾಡಿ ನೋಡಿದವರೂ ಇದ್ದಾರೆ. ಬಾತು ಅದನ್ನು ಶಿಕ್ಷೆಯೆಂದು ತಿಳಿಯುವುದೇ ಇಲ್ಲ, ಸ್ನಾನ ಮುಗಿಸಿ ಗೂಡಿಗೆ ಹೋಗುತ್ತದೆ.

ಹಂತ 6: ಕೂರಿಸುವುದಾದರೆ ಎಣಿಸಿಯೇ ಕೂರಿಸಿ

ಜಾಗ ನಾಲ್ಕಕ್ಕೆ ಮಾತ್ರ ಇದ್ದರೆ ಹನ್ನೆರಡು ತತ್ತಿ ಏಕೆ? ಸಾಮಾನ್ಯ ಬಾತು 10ರಿಂದ 12 ತತ್ತಿಗಳನ್ನು ಮುಚ್ಚಬಲ್ಲದು, ಮಸ್ಕೋವಿ 15ರವರೆಗೂ. ಆದರೆ ಮುಚ್ಚಬಲ್ಲದು ಎಂಬ ಕಾರಣಕ್ಕೆ ಅಷ್ಟೂ ಇಡಬೇಕಿಲ್ಲ. ಕೆಲವು ತತ್ತಿ ಬರಡಾಗುತ್ತವೆ, ಕೆಲವು ಮರಿ ಸಾಯುತ್ತವೆ, ಬಂದ ಮರಿಗಳಲ್ಲಿ ಸುಮಾರು ಅರ್ಧ ಗಂಡಾಗುತ್ತವೆ. ನಾಲ್ಕು ಬೇಕಾದವರು ಆರು ತತ್ತಿ ಇಡಲಿ. ಗಂಡುಗಳನ್ನು ಕೊಳ್ಳುವವರು ಮೊದಲೇ ಒಪ್ಪಿದ್ದರೆ ಎಂಟು.

ಏಳು ದಿನಕ್ಕಿಂತ ಹಳೆಯದಲ್ಲದ, ಬಿರುಕಿಲ್ಲದ, ಸಾಧಾರಣ ಗಾತ್ರದ ತತ್ತಿಗಳನ್ನು ಆರಿಸಿ. ತತ್ತಿ ತೊಳೆಯಬೇಡಿ, ಒಣ ಬಟ್ಟೆಯಿಂದ ಕೆಸರು ಒರೆಸಿದರೆ ಸಾಕು. ಪ್ರತಿ ತತ್ತಿಯ ಸುತ್ತ ಪೆನ್ಸಿಲ್ಲಿನಿಂದ ಉಂಗುರ ಎಳೆದು, ರಾತ್ರಿ ಎಲ್ಲವನ್ನೂ ಒಟ್ಟಿಗೆ ಇಡಿ, ಆ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ. ಸಾಮಾನ್ಯ ಬಾತಿನ ತತ್ತಿ 28 ದಿನಕ್ಕೆ ಒಡೆಯುತ್ತದೆ, ಮಸ್ಕೋವಿಯದು 33ರಿಂದ 35 ದಿನಕ್ಕೆ. ಕೋಳಿಯ 21 ದಿನದ ಲೆಕ್ಕವನ್ನೇ ಮನಸ್ಸಿನಲ್ಲಿಟ್ಟುಕೊಂಡು ಮೂರು ವಾರಕ್ಕೆ ತತ್ತಿ "ಕೆಟ್ಟವು" ಎಂದು ಎಸೆದ ಮನೆಗಳನ್ನು ನಾನು ಬಲ್ಲೆ, ಒಡೆದು ನೋಡಿದಾಗ ಒಳಗೆ ಜೀವವಿತ್ತು.

ಕೂತ ಮೇಲೆ ಪ್ರತಿದಿನ, ತಾಯಿ ಮೇಯಲು ಎದ್ದ ಹೊತ್ತಿಗೆ ಗೂಡು ನೋಡಿ. ಉಂಗುರವಿಲ್ಲದ ತತ್ತಿ ಕಂಡರೆ ಅದು ಬೇರೆ ಬಾತು ಬಂದು ಇಟ್ಟದ್ದು, ಕೂಡಲೇ ತೆಗೆಯಿರಿ. ಇದನ್ನು ಮಾಡದಿದ್ದರೆ ಆರು ತತ್ತಿ ಹದಿನೆಂಟಾಗುತ್ತವೆ, ತಾಯಿಗೆ ಎಲ್ಲವನ್ನೂ ಮುಚ್ಚಲಾಗದೆ ಅಂಚಿನವು ತಣ್ಣಗಾಗಿ ಸರದಿಯಂತೆ ಸಾಯುತ್ತವೆ, ಉಳಿದವು ಬೇರೆಬೇರೆ ದಿನ ಒಡೆಯುತ್ತವೆ. ಮೊದಲ ಮರಿಗಳ ಹಿಂದೆ ತಾಯಿ ಹೊರಟುಹೋದರೆ ಹಿಂದಿನವು ಚಿಪ್ಪಿನೊಳಗೇ ಉಳಿಯುತ್ತವೆ. ಒಂದೇ ಗೂಡಿನಲ್ಲಿ ಇಬ್ಬರು ತಾಯಂದಿರು ಕೂತಿದ್ದರೆ ಒಬ್ಬಳನ್ನು ಪಂಜರಕ್ಕೆ ಕಳಿಸಿ.

ಎಂಟನೆಯ ದಿನ, ಮಸ್ಕೋವಿಯಾದರೆ ಹತ್ತನೆಯ ದಿನ, ರಾತ್ರಿ ದೀಪ ಆರಿಸಿ ತತ್ತಿ ಪರೀಕ್ಷಿಸಿ. ರಟ್ಟಿನ ತೂತಿನ ಮೇಲೆ ತತ್ತಿಯ ದಪ್ಪ ತುದಿಯನ್ನಿಟ್ಟು ಕೆಳಗಿನಿಂದ ಮೊಬೈಲ್ ಟಾರ್ಚ್ ಹಿಡಿಯಿರಿ. ಜೇಡರ ಬಲೆಯಂತೆ ರಕ್ತನಾಳಗಳೂ ನಡುವೆ ಕಪ್ಪು ಚುಕ್ಕೆಯೂ ಕಂಡರೆ ಜೀವವಿದೆ. ಪೂರ್ತಿ ತಿಳಿಯಾಗಿದ್ದರೆ ಬರಡು. ಒಂದು ಕೆಂಪು ಉಂಗುರ ಮಾತ್ರ ಕಂಡರೆ ಪಿಂಡ ಸತ್ತಿದೆ. ಬರಡನ್ನೂ ಸತ್ತದ್ದನ್ನೂ ತೆಗೆಯಲೇಬೇಕು. ಶಾಖದಲ್ಲಿ ಕೊಳೆತ ತತ್ತಿ ಗೂಡಿನಲ್ಲಿ ಸಿಡಿದರೆ ಉಳಿದವುಗಳಿಗೂ ಸೋಂಕು ಹತ್ತುತ್ತದೆ. ಮೊದಲೇ ನಾತ ಬರುತ್ತಿರುವ ತತ್ತಿಯನ್ನು ಅಲುಗಾಡಿಸದೆ ಚೀಲದಲ್ಲಿ ಹಾಕಿ ಹೊರಗೊಯ್ಯಿರಿ.

ಬಾತಿನ ತತ್ತಿಯನ್ನು ಜವಾರಿ ಕೋಳಿಯ ಕೆಳಗೆ ಇಡುವುದು ನಮ್ಮ ಕಡೆ ರೂಢಿ. ಅದು ತಪ್ಪಲ್ಲ, ಆದರೆ ಬಾತು ನೆನೆದ ಮೈಯಲ್ಲಿ ಬಂದು ತತ್ತಿಗೆ ಕೊಡುವ ತೇವವನ್ನು ಕೋಳಿ ಕೊಡಲಾರದು. ಎರಡನೆಯ ವಾರದಿಂದ 25ನೆಯ ದಿನದವರೆಗೆ ದಿನಕ್ಕೊಮ್ಮೆ ಉಗುರುಬೆಚ್ಚಗಿನ ನೀರನ್ನು ತತ್ತಿಗಳ ಮೇಲೆ ತೆಳುವಾಗಿ ಚಿಮುಕಿಸಿ. ಕೋಳಿ 21 ದಿನದ ನಂತರವೂ ಒಂದು ವಾರ ಕೂಡಬೇಕಾಗುವುದರಿಂದ ಅದರ ಕಾಳು, ನೀರನ್ನು ಗೂಡಿನ ಹತ್ತಿರವೇ ಇಡಿ.

ಹಂತ 7: ಮರಿ ಒಡೆಯುವಾಗ ಮತ್ತು ಮೊದಲ ವಾರ

ಚಿಪ್ಪಿನಲ್ಲಿ ಮೊದಲ ತೂತು ಬಿದ್ದ ಮೇಲೆ ಮರಿ ಹೊರಬರಲು 24ರಿಂದ 48 ಗಂಟೆ ಹಿಡಿಯಬಹುದು. ಈ ಅವಧಿಯಲ್ಲಿ ಅದು ಹಳದಿ ಭಾಗವನ್ನು ಹೊಟ್ಟೆಗೆ ಎಳೆದುಕೊಳ್ಳುತ್ತಿರುತ್ತದೆ, ರಕ್ತನಾಳಗಳು ಒಣಗುತ್ತಿರುತ್ತವೆ. ಸಹಾಯ ಮಾಡಲು ಹೋಗಿ ಚಿಪ್ಪು ಸುಲಿದರೆ ಮರಿ ರಕ್ತ ಸುರಿದು ಸಾಯುತ್ತದೆ.

ಮೇವಿನ ವಿಷಯದಲ್ಲಿ ಒಂದೇ ಮಾತು, ಆದರೆ ಬಹಳ ಮುಖ್ಯವಾದದ್ದು: ಬೂಸ್ಟು ಹಿಡಿದ ಗೋವಿನಜೋಳ ಅಥವಾ ಶೇಂಗಾ ಹಿಂಡಿಯನ್ನು ಬಾತಿಗೆ ಕೊಡಬೇಡಿ. ಅದರಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷಕ್ಕೆ ಬಾತುಗಳು ಕೋಳಿಗಳಿಗಿಂತ ಬಹಳ ಸೂಕ್ಷ್ಮ; ಕೋಳಿಗೆ ಏನೂ ಆಗದ ಹಿಂಡಿಯನ್ನು ತಿಂದ ಬಾತುಮರಿಗಳು ಯಕೃತ್ತು ಕೆಟ್ಟು ಸಾಲಾಗಿ ಸಾಯುತ್ತವೆ. ಮಳೆಗಾಲದಲ್ಲಿ ನಾನು ಶೇಂಗಾ ಹಿಂಡಿಯನ್ನು ಪೂರ್ತಿ ನಿಲ್ಲಿಸುತ್ತೇನೆ. ಕಾಲುಗಳು ಬಿಲ್ಲಿನಂತೆ ಬಾಗುತ್ತಿದ್ದರೆ ನಯಾಸಿನ್ ಎಂಬ ಜೀವಸತ್ವದ ಕೊರತೆ ಇರಬಹುದು, ವೈದ್ಯರನ್ನು ಕೇಳಿ.

ನೀರಿನ ತಟ್ಟೆಯಲ್ಲಿ ಹರಳು ಕಲ್ಲು ತುಂಬಿ. ಮರಿ ಕೊಕ್ಕು ಮುಳುಗಿಸಬೇಕು, ಮೈ ಮುಳುಗಿಸಬಾರದು. ಕೋಳಿಯ ಕೆಳಗೆ ಒಡೆದ ಮರಿಗಳಿಗೆ ತಾಯಿಯ ಗರಿಯ ಎಣ್ಣೆ ಸಿಗದಿರುವುದರಿಂದ ಅವು ಬೇಗ ನೆನೆದು ಚಳಿಗೆ ಸಾಯುತ್ತವೆ. ಕಾಗೆ, ಹದ್ದು, ಬೆಕ್ಕುಗಳ ಕಾಟಕ್ಕೆ ಮೊದಲ ಮೂರು ವಾರ ಜಾಲರಿ ಮುಚ್ಚಿದ ಆವರಣವೇ ಸರಿ. ಡಕ್ ಪ್ಲೇಗ್ ಎಂಬ ಬಾತುಗಳ ಸಾಂಕ್ರಾಮಿಕ ರೋಗದ ಲಸಿಕೆಯನ್ನು ಎಂಟರಿಂದ ಹನ್ನೆರಡು ವಾರದ ವಯಸ್ಸಿನಲ್ಲಿ ಹಾಕಿಸುವ ಬಗ್ಗೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ಮುಂಚಿತವಾಗಿಯೇ ವಿಚಾರಿಸಿ.

ಹಂತ 8: ಗಂಡುಗಳನ್ನು ಬೇರೆ ಮಾಡುವುದು

ಐದು ಹೆಣ್ಣಿಗೆ ಒಂದು ಗಂಡು ಸಾಕು. ಇದಕ್ಕಿಂತ ಹೆಚ್ಚಾದರೆ ಗಂಡುಗಳು ಒಂದೇ ಹೆಣ್ಣಿನ ಬೆನ್ನು ಹತ್ತಿ, ಕುತ್ತಿಗೆಯ ಹಿಂಭಾಗದ ಗರಿ ಕಿತ್ತು ಗಾಯ ಮಾಡುತ್ತವೆ; ನೀರಿನಲ್ಲಿ ಮುಳುಗಿಸಿ ಕೊಲ್ಲುವುದೂ ಉಂಟು. ಹೆಣ್ಣಿನ ತಲೆಯ ಹಿಂದೆ ಬೋಳು ಕಂಡರೆ, ಅದು ಕುಂಟುತ್ತಿದ್ದರೆ, ನೀರಿಗೆ ಇಳಿಯಲು ಹೆದರಿದರೆ ಗಂಡು ಹೆಚ್ಚಾಗಿವೆ ಎಂದೇ ತಿಳಿಯಿರಿ.

ಗುರುತಿಸುವುದು ಕಷ್ಟವಲ್ಲ. ಸಾಮಾನ್ಯ ಬಾತುಗಳಲ್ಲಿ ಎಂಟು ವಾರದ ಹೊತ್ತಿಗೆ ಹೆಣ್ಣು ಗಟ್ಟಿಯಾಗಿ ಕ್ವಾಕ್ ಎನ್ನುತ್ತದೆ, ಗಂಡಿನ ದನಿ ಒಡೆದು ಪಿಸುಗುಟ್ಟಿದಂತೆ ಬರುತ್ತದೆ. ನಾಲ್ಕು ತಿಂಗಳ ಸುಮಾರಿಗೆ ಗಂಡಿನ ಬಾಲದ ಮೇಲೆ ಸುರುಳಿ ಗರಿ ಮೂಡುತ್ತದೆ. ಮಸ್ಕೋವಿಯಲ್ಲಿ ದನಿಯಿಂದ ತಿಳಿಯುವುದು ಕಷ್ಟ, ಗಾತ್ರ ನೋಡಬೇಕು: ಗಂಡು ಬಹುತೇಕ ಹೆಣ್ಣಿನ ಎರಡು ಪಟ್ಟು ಬೆಳೆಯುತ್ತದೆ. ಮಸ್ಕೋವಿ ಗಂಡನ್ನು ಸಾಮಾನ್ಯ ಹೆಣ್ಣುಗಳ ಜೊತೆ ಬಿಟ್ಟರೆ ಹುಟ್ಟುವ ಮರಿಗಳು ಬರಡಾಗಿರುತ್ತವೆ. ಕೆಲವರು ಇದನ್ನೇ ಸಂಖ್ಯೆ ತಡೆಯುವ ಉಪಾಯವೆಂದು ಹೇಳುತ್ತಾರೆ, ಆದರೆ ಭಾರವಾದ ಗಂಡು ಸಣ್ಣ ಹೆಣ್ಣನ್ನು ಗಾಯಗೊಳಿಸುವುದರಿಂದ ನಾನು ಶಿಫಾರಸು ಮಾಡಲಾರೆ. ಕಾವಿನ ಗೋಜೇ ಬೇಡ ಎನ್ನುವವರು ಖಾಕಿ ಕ್ಯಾಂಪ್‌ಬೆಲ್ ತಳಿಗೆ ಬದಲಾಗಬಹುದು. ಅದು ಚೆನ್ನಾಗಿ ತತ್ತಿ ಇಡುತ್ತದೆ, ಕಾವಿಗೆ ಕೂಡುವುದು ಅಪರೂಪ.

ಹಂತ 9: ಹೆಚ್ಚುವರಿ ಬಾತುಗಳ ವಿಲೇವಾರಿ

ನಮ್ಮ ಜಿಲ್ಲೆಗಳಲ್ಲಿ ಬಾತಿನ ಮಾಂಸಕ್ಕೆ ಜವಾರಿ ಕೋಳಿಗಿರುವ ಬೇಡಿಕೆ ಇಲ್ಲ. ಸಂತೆಗೆ ಒಯ್ದರೆ ಕುತೂಹಲದಿಂದ ಮುಟ್ಟಿ ನೋಡುವವರೇ ಹೆಚ್ಚು, ಕೊಳ್ಳುವವರು ಕಡಿಮೆ. ಸಂಜೆಗೆ ಅವುಗಳನ್ನು ಮರಳಿ ತಂದರೆ ಹತ್ತೂರಿನ ಕೋಳಿಗಳ ರೋಗವೂ ಜೊತೆಗೆ ಬರುತ್ತದೆ. ಹಾಗೆ ಮರಳಿದ ಬಾತನ್ನು ಎರಡು ವಾರ ಹಿಂಡಿನಿಂದ ಬೇರೆ ಇಡಬೇಕು. ಆದ್ದರಿಂದ ತತ್ತಿ ಇಡುವ ಮೊದಲೇ ಕೊಳ್ಳುವವರನ್ನು ಗೊತ್ತು ಮಾಡಿಕೊಳ್ಳುವುದು ಲೇಸು. ಸಾಗಿಸುವಾಗ ಕಾಲು ಕಟ್ಟಿ ತಲೆಕೆಳಗಾಗಿ ತೂಗುಹಾಕಬೇಡಿ. ಗಾಳಿಯಾಡುವ ಬಿದಿರಿನ ಬುಟ್ಟಿಯಲ್ಲಿ, ಬೆಳಗಿನ ತಂಪಿನಲ್ಲಿ ಒಯ್ಯಿರಿ. ಮನೆಯಲ್ಲಿಯೇ ಅಡುಗೆಗೆ ಬಳಸುವುದಾದರೆ, ಔಷಧಿ ಕೊಟ್ಟ ಬಾತನ್ನು ವೈದ್ಯರು ಹೇಳಿದ ಅವಧಿ ಮುಗಿಯುವವರೆಗೆ ಕೊಯ್ಯಬಾರದು.

ಕೊನೆಯದಾಗಿ, ಮಾರಲಾಗದ ಬಾತನ್ನು ಕೆರೆಗೋ ಆಲಮಟ್ಟಿಯ ಹಿನ್ನೀರಿಗೋ ಬಿಟ್ಟುಬರುವ ಅಭ್ಯಾಸ. ಹಾರಲಾರದ ಸಾಕುಬಾತು ಅಲ್ಲಿ ನಾಯಿಗಳ ಪಾಲಾಗುತ್ತದೆ. ಬದುಕಿ ಉಳಿದರೆ ಕಾಡಿನ ಚುಕ್ಕೆಕೊಕ್ಕಿನ ಬಾತುಗಳ ಜೊತೆ ಬೆರೆತು ಮಿಶ್ರತಳಿ ಹುಟ್ಟಿಸಬಹುದು, ಹಿತ್ತಲಿನ ರೋಗವನ್ನು ವಲಸೆ ಹಕ್ಕಿಗಳಿಗೆ ದಾಟಿಸಬಹುದು. ಗೋಕಾಕ ತಾಲ್ಲೂಕಿನ ಧೂಪದಾಳದ ಸುತ್ತ ಘಟಪ್ರಭಾ ಪಕ್ಷಿಧಾಮವಿದೆ. ಅಂಥ ನೀರಿನ ಹತ್ತಿರ ವಾಸವಾಗಿರುವವರು ಸಾಕುಬಾತುಗಳನ್ನು ಮೇಯಲೂ ಅಲ್ಲಿಗೆ ಬಿಡಬಾರದು. ಕಾಡುಬಾತಿನ ತತ್ತಿ ಸಿಕ್ಕಿತೆಂದು ತಂದು ಕಾವಿಗೆ ಇಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಹಾರಬಲ್ಲ ಮಸ್ಕೋವಿಗಳಿದ್ದರೆ ಒಂದೇ ರೆಕ್ಕೆಯ ಉದ್ದ ಗರಿಗಳನ್ನು, ರಕ್ತವಿರುವ ಹೊಸ ಗರಿಗಳನ್ನು ಬಿಟ್ಟು, ಕತ್ತರಿಸಿ. ಗರಿ ಉದುರಿ ಮತ್ತೆ ಬೆಳೆದಾಗ ಇದನ್ನು ಪುನಃ ಮಾಡಬೇಕಾಗುತ್ತದೆ.